ನಿಂತ ಚೌಕ ಎಣಿಸಬಾರದು

ಶಿಶುವಿಹಾರದಲ್ಲಿ ಎಲ್ಲರಿಗೂ ಅವಳು ಚೌಕದ ಟೀಚರ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳನ್ನು ಬರೆದು, ಒಂದು ಮಗುವನ್ನು ರೋಬೋ ಮಾಡಿ ಮೂಲೆಯಲ್ಲಿ ನಿಲ್ಲಿಸುವಳು. ಉಳಿದ ಪುಟಾಣಿಗಳು ಬಾಣದ ಚೀಟಿಗಳನ್ನು ಜೋಡಿಸಿ ಆ ರೋಬೋವನ್ನು ಗೋಡೆಯ ಬಳಿ ಇಟ್ಟ ಮರದ ಬಾತುಕೋಳಿಯ ಹತ್ತಿರ ತಲುಪಿಸಬೇಕು. ಒಂದು ಬಾಣಕ್ಕೆ ಒಂದೇ ಹೆಜ್ಜೆ. ಕಂಪ್ಯೂಟರಿನ ಹಾಗೆ, ರೋಬೋ ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. "ಕಂಪ್ಯೂಟರೇ ಇಲ್ಲದ ಕಂಪ್ಯೂಟರ್ ಪಾಠ!" ಎಂದು ಆಯಾ ಗೇಲಿ ಮಾಡುತ್ತಿದ್ದಳು. ಮಾಡಲಿ ಬಿಡಿ. ಹತ್ತರವರೆಗೆ ಗಿಣಿಯ ಹಾಗೆ ಒಪ್ಪಿಸುತ್ತಿದ್ದ ಮಕ್ಕಳಿಗೆ ಮೂರು ಎಂದರೆ ಎಷ್ಟು ಎಂಬುದು ಕಾಲಿಗೆ ಅರ್ಥವಾಗುತ್ತಿದ್ದುದು ಅಲ್ಲೇ.

ಮಕ್ಕಳೆಲ್ಲ ಮಾಡುತ್ತಿದ್ದ ತಪ್ಪು ಒಂದೇ. ನಿಂತ ಚೌಕವನ್ನೂ ಸೇರಿಸಿ ಎಣಿಸಿಬಿಡುವುದು. ಆಗ ಒಂದು ಬಾಣ ಹೆಚ್ಚಾಗಿ, ರೋಬೋ ಬಾತುಕೋಳಿಯನ್ನು ದಾಟಿ ಹೋಗಿ ಗೋಡೆಗೆ ಮೂಗು ತಾಗಿಸುತ್ತಿತ್ತು.

"ನಿಂತಿರೋ ಚೌಕ ಎಣಿಸಬಾರದು ಕಂದಾ. ಹೆಜ್ಜೆ ಎತ್ತಿದ ಮೇಲೇ ಒಂದು" ಎನ್ನುವಳು ಟೀಚರ್. ಚಿಕ್ಕಂದಿನಲ್ಲಿ ಅವಳ ಮಗಳೂ ಹಾಗೇ ಗೋಡೆಗೆ ಮೂಗು ತಾಗಿಸಿ ಕಲಿತವಳು.

ಅಂಥವಳಿಗೆ ಮರೆವಿನ ಕಾಯಿಲೆ ಬಂತು. ಇನ್ನು ಅದು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರ್. ಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿತ್ತು. ಹೊರಗೆ ಹಾಕಿದ ಬೀಗದ ಕೀಲಿಕೈ ಒಗೆಯುವ ಬಟ್ಟೆಯಲ್ಲಿ ಸಿಕ್ಕಿತು. ಕೆಲಸ ಬಿಡು ಎಂದು ಮಗಳು ಗೋಗರೆದಳು.

"ಚೌಕದಲ್ಲಿ ತಪ್ಪಿದ ದಿನ ನಾನೇ ಬಿಡ್ತೀನಿ. ಅಲ್ಲೀವರೆಗೂ ನನ್ನ ಮಕ್ಕಳನ್ನ ನನ್ನಿಂದ ಕಿತ್ಕೋಬೇಡ ಕಣೇ."

ಆ ಮಾತಿಗೆ ಮಗಳು ಒಪ್ಪಿದಳು.

ಅದೊಂದು ಬೆಳಿಗ್ಗೆ ಎರಡು ಜಡೆಯ ಹುಡುಗಿಯೊಬ್ಬಳು, ತನಗೆ ಟೀಚರೇ ಬಾಣ ಹಾಕಬೇಕೆಂದು ಹಟ ಹಿಡಿದಳು. ಟೀಚರ್ ಬೆರಳಿಟ್ಟು ಎಣಿಸಿ ಹಾಕಿದಳು. ಹುಡುಗಿ ನಡೆದಳು, ಮೂಗು ಗೋಡೆಗೆ ತಾಗಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರ್ ಬೇಕೆಂದೇ ತಮಾಷೆ ಮಾಡುತ್ತಿದ್ದಾಳೆಂದು ಅವಕ್ಕೆ ಖುಷಿ. ಅವಳು ಚೀಟಿಗಳನ್ನೆಲ್ಲ ಎತ್ತಿ ಮತ್ತೆ ಎಣಿಸಿ ಹಾಕಿದಳು. ಮತ್ತೆ ಗೋಡೆ.

ಈ ಸಲ ಹುಡುಗಿ ನಗಲಿಲ್ಲ. ಹತ್ತಿರ ಬಂದು ಅವಳ ಗಲ್ಲ ಹಿಡಿದು, ಅವಳದೇ ರಾಗದಲ್ಲಿ, "ನಿಂತಿರೋ ಚೌಕ ಎಣಿಸಬಾರದು ಟೀಚರ್" ಎಂದಳು.

ಟೀಚರ್ ನೆಲ ನೋಡಿದಳು. ತಪ್ಪು ಎಲ್ಲಿದೆ ಎಂದು ಇನ್ನೂ ಹೊಳೆಯಲೇ ಇಲ್ಲ. ತಪ್ಪಿದ್ದಂತೂ ನಿಜ, ಮಗು ಯಾಕೆ ಸುಳ್ಳು ಹೇಳುತ್ತದೆ? ಸೀಮೆಸುಣ್ಣವನ್ನು ಆಯಾಳ ಕೈಗಿಟ್ಟಳು. ಗೇಲಿ ಮಾಡುತ್ತಿದ್ದ ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕೊಟ್ಟ ಮಾತು ಮಾತ್ರ ಟೀಚರಿಗೆ ಮರೆತಿರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಮನೆಯೊಳಗೇ ದಾರಿ ತಪ್ಪತೊಡಗಿತು. ಮಗಳು ಆ ಹಳೆಯ ಬಾಣದ ಚೀಟಿಗಳನ್ನೇ ಮಂಚದಿಂದ ಬಚ್ಚಲಮನೆಯವರೆಗೆ ನೆಲಕ್ಕೆ ಅಂಟಿಸಿದಳು. ಅಮ್ಮ ಮಂಚದ ಪಕ್ಕ ನಿಂತು ಅಳುಕುತ್ತಾ ಕೇಳಿದಳು: "ನಿಂತಿರೋದನ್ನೂ ಎಣಿಸ್ಬೇಕಾ?"

"ಬೇಡಮ್ಮ. ಹೆಜ್ಜೆ ಎತ್ತಿದ ಮೇಲೇ ಒಂದು."

ಅಮ್ಮ ಬಾಣ ನೋಡಿದಳು, ಆಮೇಲೆ ಮಗಳ ಮುಖವನ್ನು ತುಂಬ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿ ಹೇಳಿಕೊಡ್ತೀರಿ! ನೀವು ಟೀಚರಾ?"

ಮಗಳು ಹೂಂ ಎಂದು, ಕೈ ನೀಡಿದಳು.