ಬಾಣಂತನಕ್ಕೆ ಎತ್ತಿಟ್ಟ ಹಳೇ ಸೀರೆಗಳು

ನಮ್ಮ ಕಾಲದ ಹಳ್ಳಿಮನೆಗಳಲ್ಲಿ ಬೀರು, ಕಪಾಟು ಒಂದೂ ಇರಲಿಲ್ಲವೆಂದರೆ ಮೊಮ್ಮಕ್ಕಳು, "ಹಾಗಾದರೆ ಸಾಮಾನೆಲ್ಲ ಎಲ್ಲಿ ಇಡ್ತಿದ್ರಿ ಅಜ್ಜಿ?" ಎಂದು ಕೇಳುತ್ತಾರೆ. ಎಲ್ಲಿ ಇಡುತ್ತಿರಲಿಲ್ಲ ಎಂದು ಕೇಳಬೇಕು! ಹುಣಸೂರಿನಿಂದ ಎರಡು ಹರದಾರಿ ದೂರದ ನಮ್ಮ ಮನೆಯಲ್ಲಿ ನಾವು, ಒಂದು ಜೊತೆ ಎತ್ತು, ಒಂದು ಕರು, ವರ್ಷದ ರಾಗಿ, ಎಲ್ಲವೂ ಒಂದೇ ಸೂರಿನ ಕೆಳಗೆ. ರಾಗಿ ತುಂಬಿದ ವಾಡೆಗೂ ಗೋಡೆಗೂ ನಡುವೆ ಗೇಣು ಜಾಗ ಉಳಿದರೆ ಅವ್ವ ಅಲ್ಲಿ ಚಾಪೆಯ ಸುರುಳಿ ನಿಲ್ಲಿಸುತ್ತಿದ್ದಳು. ಸೂರಿನ ಸಂದಿಯಲ್ಲಿ ಕುಡುಗೋಲು, ಬಾಗಿಲ ಹಿಂದೆ ಒನಕೆ. ಬಿತ್ತನೆಯ ಅವರೆ ಬೂದಿ ಬೆರೆಸಿಕೊಂಡು ಸೋರೆಬುರುಡೆಯಲ್ಲಿ, ಆ ಬುರುಡೆ ಒಲೆಯ ಮೇಲಿನ ಹೊಗೆಯಲ್ಲಿ. ಕತ್ತಲಲ್ಲಿ ಕೈ ಚಾಚಿದರೂ ಬೇಕಾದದ್ದು ಅವ್ವನ ಕೈಗೆ ಸಿಗುತ್ತಿತ್ತು.

ಅಟ್ಟ ಮಾತ್ರ ನನ್ನ ಪಾಲಿಗೆ ಬಂದಿತ್ತು. ಹೆಂಚು ಇಳಿಜಾರಾಗಿ ಬಂದು ಗೋಡೆಗೆ ಮುಟ್ಟುವ ಮೂಲೆಯಲ್ಲಿ ದೊಡ್ಡವರು ತೂರುವಂತಿರಲಿಲ್ಲ. ನನಗೆ ಆಗ ಎಂಟು ವರ್ಷ, ಪೀಚಲು ಮೈ. "ಅಳಿಲೇ, ಅತ್ತವ್ವ ಮ್ಯಾಕೆ" ಎಂದು ಅವ್ವ ಕೂಗಿದರೆ ಸಾಕು, ಏಣಿ ಏರಿ ಹೊಟ್ಟೆಯ ಮೇಲೆ ತೆವಳುತ್ತಿದ್ದೆ. ಹುಣಸೆಹಣ್ಣು, ಹೊಗೆ, ಹಳೇ ಬೆಲ್ಲ, ಮೂರರ ವಾಸನೆಯೂ ಬೆರೆತ ಆ ಮೂಲೆಯಲ್ಲಿ ಯಾವ ಮಡಕೆ ಎಲ್ಲಿರಬೇಕೆಂದು ತೀರ್ಮಾನಿಸುವವಳು ನಾನೇ. ಆ ಜಂಬಕ್ಕೆ ಮಿತಿಯೇ ಇರಲಿಲ್ಲ.

ಆ ವರ್ಷ ಅಕ್ಕ ಚೊಚ್ಚಲ ಬಸುರಿ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನನ್ನ ತಲೆ ಬಾಚಿದವಳು, ಹೇನು ಹೆಕ್ಕಿದವಳು, ಅಳಗುಳಿಮಣೆಯಲ್ಲಿ ಬೇಕೆಂದೇ ನನಗೆ ಸೋತವಳು. ಪಿರಿಯಾಪಟ್ಟಣದ ಕಡೆಗೆ ಕೊಟ್ಟ ಮೇಲೆ ಎರಡು ವರ್ಷದಲ್ಲಿ ಒಂದೇ ಸಲ ಬಂದಿದ್ದಳು. ಈಗ ಏಳು ತುಂಬಿತ್ತು, ಬಾಣಂತನಕ್ಕೆ ಕರೆತರಲು ಅಪ್ಪ ಗಾಡಿ ಕಟ್ಟುವವನಿದ್ದ. ಅವ್ವ ತಿಂಗಳ ಮುಂಚಿನಿಂದಲೇ ಒಂದೊಂದಾಗಿ ಅಟ್ಟಕ್ಕೆ ಸೇರಿಸಿದ್ದಳು: ಒಣಶುಂಠಿ, ಬೆಳ್ಳುಳ್ಳಿ, ಹರಳೆಣ್ಣೆಯ ಕುಡಿಕೆ, ನಮ್ಮನ್ನೆಲ್ಲ ತೂಗಿದ ತೊಟ್ಟಿಲು. ಅದರ ಪಕ್ಕದಲ್ಲಿ ಒಗೆದೊಗೆದು ಮೆತ್ತಗಾದ ಹಳೇ ಸೀರೆಗಳ ಗಂಟು.

ಅದೇ ದಿನಗಳಲ್ಲಿ ಪ್ಲೇಗು ಸುತ್ತಮುತ್ತ ತಿರುಗುತ್ತಿತ್ತು. ತಳವಾರ ತಮಟೆ ಹೊಡೆದು ಸಾರಿದ್ದ: "ಯಾರ ಮನೇಲಾದ್ರೂ ಇಲಿ ಬಿದ್ರೆ ಪಟೇಲ್ರಿಗೆ ಯೋಳ್ಬೇಕು ಕಣ್ರಪ್ಪೋ!" ಇಲಿ ತಾನಾಗಿ ಸತ್ತುಬಿದ್ದರೆ ಮಾರಿ ಮನೆಗೆ ಬಂದಂತೆ. ಇಡೀ ಊರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಇದು ನನಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇವತ್ತು ಹೇಳಿದರೆ ಸುಳ್ಳಾಗುತ್ತದೆ.

ಗಾಡಿ ಹೊರಡುವ ಹಿಂದಿನ ದಿನ ಬೆಳಿಗ್ಗೆ ಸೀರೆಗಂಟು ಇಳಿಸಲು ಹತ್ತಿದೆ. ಗಂಟು ಸಡಿಲವಾಗಿತ್ತು. ಸೀರೆಯ ಮಡಿಕೆಯ ಮೇಲೆ ಒಂದು ಇಲಿ ಹಲ್ಲು ಕಿರಿದುಕೊಂಡು ಸತ್ತುಬಿದ್ದಿತ್ತು.

ಕೆಳಗಿನಿಂದ ಅವ್ವ, "ಏನವ್ವಾ, ಸಿಕ್ತಾ?" ಎಂದಳು.

ಬಾಯಿ ತೆರೆದೆ. ಹೇಳಿದರೆ ನಾಳೆ ಗಾಡಿ ಹೋಗುವುದಿಲ್ಲ. ತುಂಬಿದ ಬಸುರಿಯನ್ನು ಹೊಲದ ಗುಡಿಸಲಿಗೆ ಯಾರು ಕಳಿಸುತ್ತಾರೆ? ಅಕ್ಕ ಬರುವುದಿಲ್ಲ.

"ಸಿಕ್ತು ಕಣವ್ವಾ, ಇಳೀತೀನಿ."

ಬಾಲ ಹಿಡಿದು ಇಲಿಯನ್ನು ಲಂಗದ ಮಡಿಲಲ್ಲಿ ಮುಚ್ಚಿಕೊಂಡೆ. ಅವ್ವ ಒಲೆಯ ಕಡೆ ತಿರುಗಿದಾಗ ಹಿತ್ತಿಲಿಗೆ ಓಡಿ ತಿಪ್ಪೆಯಲ್ಲಿ ಹೂತೆ. ವಾಪಸು ಬಂದು ಸೀರೆಗಳನ್ನು ಕೊಡವಿ ನೀಟಾಗಿ ಮಡಿಸಿಟ್ಟೆ. "ಎಷ್ಟು ಅಚ್ಚುಕಟ್ಟು ನೋಡು ನನ್ನ ಮಗ್ಳು" ಎಂದು ಅವ್ವ ಬೆಲ್ಲದ ಚೂರು ಕೊಟ್ಟಳು. ನಾನು ಅದನ್ನು ತಿಂದೆ.

ಅಕ್ಕ ಬಂದಳು. ಗಾಡಿಯಿಂದ ಇಳಿಯುವಾಗಲೇ, "ಎಲ್ಲೇ ನನ್ನ ಅಳಿಲು?" ಎಂದಳು. ಆ ಸೀರೆಗಳನ್ನೇ ಪದರ ಪದರವಾಗಿ ಹಾಸಿ ಅವ್ವ ಅವಳನ್ನು ಮಲಗಿಸಿದಳು. ಐದು ದಿನ ನಮ್ಮ ಮನೆಯಲ್ಲಿ ನಗು ಇತ್ತು. ಹುರಿಗಡಲೆ ತಿನ್ನುತ್ತ ಅಳಗುಳಿಮಣೆ ಆಡಿದೆವು. ಅವಳು ನನ್ನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ಒದೀತಾ ಅವ್ನೆ ನೋಡೇ ನಿನ್ನ" ಎನ್ನುತ್ತಿದ್ದಳು.

ಆರನೆಯ ದಿನ ಅಕ್ಕನಿಗೆ ಜ್ವರ ಬಂತು. ಮಾರನೆಯ ದಿನ ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತು. ಅಷ್ಟರಲ್ಲಿ ಪಕ್ಕದ ಮನೆಗಳಲ್ಲೂ ಇಲಿ ಬಿದ್ದು, ತಮಟೆ ಬಡಿದು, ಊರೆಲ್ಲ ಹೊಲಕ್ಕೆ ಹೊರಟಿತು. ಅಕ್ಕನನ್ನು ಬಾಗಿಲ ಹಲಗೆಯ ಮೇಲೆ ಹೊತ್ತರು. ಗುಡಿಸಲಿನಲ್ಲಿ ನೀರು ನೀರು ಎಂದು ಕನವರಿಸುತ್ತಿದ್ದವಳು, ಜ್ವರ ಬಂದ ನಾಲ್ಕನೆಯ ದಿನ ಮಧ್ಯಾಹ್ನ ಸುಮ್ಮನಾದಳು. ಹೊಟ್ಟೆಯೊಳಗಿನದೂ ಅವಳ ಜೊತೆಗೇ ಹೋಯಿತು.

ಸುದ್ದಿ ತಿಳಿದು ಬಂದ ಅಕ್ಕನ ಅತ್ತೆ ನಮ್ಮ ಗುಡಿಸಲ ಮುಂದೆ ನಿಂತು ಎದೆ ಬಡಿದುಕೊಂಡಳು. "ನಮ್ಮೂರಲ್ಲಿ ಒಂದು ಇಲಿನೂ ಬಿದ್ದಿರ್ನಿಲ್ಲ. ಅಲ್ಲೇ ಇದ್ದಿದ್ರೆ ಬದ್ಕಿರೋಳು. ನೀನೇ ಕರೆಸ್ಕಂಡು ಕೊಂದೆ ಕಣೆ!"

ತಲೆ ತಗ್ಗಿಸಿ ನಿಂತಿದ್ದ ಅವ್ವನ ಸೆರಗನ್ನು ಹಿಡಿದುಕೊಂಡು ನಾನೂ ನಿಂತಿದ್ದೆ. ಆಗ ಹೇಳಬಹುದಿತ್ತು, ಹೇಳಲಿಲ್ಲ. ಸತ್ತ ಇಲಿಯ ಮೈಮೇಲಿನ ಚಿಗಟ ಬಟ್ಟೆಯಲ್ಲಿ ಉಳಿದುಕೊಂಡು ಮನುಷ್ಯರನ್ನು ಕಚ್ಚುತ್ತದೆಂದು ಎಷ್ಟೋ ವರ್ಷಗಳ ಮೇಲೆ ಮೇಷ್ಟರೊಬ್ಬರಿಂದ ತಿಳಿಯಿತು. ಆ ಬಟ್ಟೆ ಕೊಡವಿದ ನನಗೆ ಯಾಕೆ ಏನೂ ಆಗಲಿಲ್ಲ? ಈ ಪ್ರಶ್ನೆ ಕೇಳಿಕೊಳ್ಳದ ದಿನವಿಲ್ಲ.

ಮೂರು ತಿಂಗಳ ಮೇಲೆ ಮನೆಗೆ ಸುಣ್ಣ ಬಳಿದು ವಾಪಸಾದೆವು. ಅವ್ವ ಆಮೇಲೆ ಯಾವುದನ್ನೂ ಎತ್ತಿಡಲಿಲ್ಲ. ಸಾಮಾನು ಬಿದ್ದಲ್ಲೇ ಬಿದ್ದಿರುತ್ತಿತ್ತು. ತೊಟ್ಟಿಲನ್ನು ಅಪ್ಪ ಯಾರಿಗೋ ಕೊಟ್ಟುಬಿಟ್ಟ. ಇದ್ದಿದ್ದರೆ ಅಕ್ಕನ ಆ ಕೂಸು ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನದಾಗಿರುತ್ತಿತ್ತು. ನನಗೂ ಹಳೆಯದನ್ನು ಹೇಳಿಕೊಂಡು ನಗಲು ಒಬ್ಬ ಅಕ್ಕ ಇರುತ್ತಿದ್ದಳು.

ಅವ್ವ ಕಡೆಗಾಲದಲ್ಲಿ ನನ್ನ ಮನೆಯಲ್ಲೇ ಇದ್ದಳು. ಕಣ್ಣು ಮಂಜಾಗಿತ್ತು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ, "ನಾನು ಕರೆಸ್ದೇ ಇದ್ದಿದ್ರೆ ಅವ್ಳು ಉಳೀತಿದ್ಲು, ಅಲ್ವೇನವ್ವ?" ಎಂದಳು.

ಬಟ್ಟಲನ್ನು ಮತ್ತೆ ಅವಳ ತುಟಿಗೆ ಹಿಡಿದೆ. "ಬುಡವ್ವ ಅದ್ನ, ಕುಡಿ" ಎಂದೆ.

ಅವ್ವ ತಡಕಾಡಿ ನನ್ನ ಕೈ ಹಿಡಿದುಕೊಂಡಳು. "ಯಲ್ರೂ ಅಂದ್ರು ಕಣವ್ವ. ನಿಮ್ಮಪ್ಪನೂ ಅಂದ್ರು. ನನ್ನ ಒಂದು ಮಾತೂ ಅನ್ದೇ ಇದ್ದೋಳು ನೀನೊಬ್ಳೇ" ಎಂದಳು.