ಅಪ್ಪನ ಗಡಿಯಾರದ ದನಿ

ಗಡಿಯಾರದಣ್ಣನ ಬಲಗಣ್ಣಿನ ಸುತ್ತ ಉಂಗುರ ಒತ್ತಿದಂಥ ದುಂಡನೆಯ ಗುರುತಿತ್ತು. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತ ಕೂತು ಬಿದ್ದ ಗುರುತು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗುವ ಮುಂಚೆ ತನ್ನ ಗಾಜಿನ ಮೇಜನ್ನು ತಾನೇ ಹೊತ್ತು ಹೊಸ ಊರಿಗೆ ತಂದವನು ಅವನು.

ಮೊಮ್ಮಕ್ಕಳೇ, ನಾಲ್ಕನೆಯ ಇಯತ್ತೆ ಕಲಿತರೂ ನನಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನಮ್ಮಪ್ಪ ಬಸ್ ಕಂಡಕ್ಟರ್. ಕೈಗಡಿಯಾರ ನೋಡಿಯೇ ಸೀಟಿ ಊದುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಗಡಿಯಾರ ನನಗೆ ಬಂತು. ಒಳಗಿನ ಮಶಿನ್ ತೊಳೆಸಲು ಒಯ್ದಾಗ ಗಡಿಯಾರದಣ್ಣ, “ಈಗ ಎಷ್ಟಾಗೇತಿ, ನೀನೇ ಹೇಳು ತಂಗಿ” ಎಂದ. ನಾನು ತಲೆ ತಗ್ಗಿಸಿದೆ. ಅವನಿಗೆ ತಿಳಿಯಿತು. ಅಂಗಡಿಯಲ್ಲಿದ್ದವರಿಗೆ ಕೇಳದಂತೆ, “ಮೊದಲ ಗಿಡ್ಡ ಮುಳ್ಳಿನ ಮಾತ ಕೇಳು. ಉದ್ದಂದು ಬರೇ ತಿರಗತೈತಿ, ನಮ್ಮೂರ ಪುಢಾರಿ ಹಂಗ” ಎಂದು ಕಲಿಸಿಕೊಟ್ಟ. ಅಂದಿನಿಂದ ಅವನು ನನಗೆ ಅಣ್ಣನಾದ.

ಕಣ್ಣು ಮುಚ್ಚಿ, ಗಡಿಯಾರವನ್ನು ಕಿವಿಗೆ ಹಿಡಿದು, ಅದು ಯಾವ ಮಾಡೆಲ್, ಊರಲ್ಲಿ ಯಾರದು ಎಂದು ಹೇಳಿಬಿಡುತ್ತಿದ್ದ. ಗಿರಾಕಿಯ ಎದುರಿಗೇ ಬಿಚ್ಚಬೇಕೆಂಬುದು ಅವನ ನೇಮ. ಬಿಚ್ಚಿದಾಗಲೆಲ್ಲ ಹಿಂದಿನ ಮುಚ್ಚಳದ ಒಳಗೆ ಸೂಜಿಯಿಂದ ಒಂದು ಗೆರೆ ಎಳೆಯುತ್ತಿದ್ದ. ಒಂದು ಸಲ ಮಾತ್ರ, “ಸೊಲ್ಲಾಪುರದಿಂದ ಸಾಮಾನ ಬರಬೇಕು, ಎಂಟ ದಿನ ಬಿಟ್ಟ ಹೋಗು” ಎಂದ. ಮರಳಿ ಕೈಗೆ ಬಂದಾಗ ಅದರ ಟಿಕ್‌ಟಿಕ್‌ನಲ್ಲಿ ಅವಸರವಿತ್ತು.

“ಅಣ್ಣಾ, ದನಿ ಬ್ಯಾರೆ ಆದಂಗ ಆಗೇತಲ್ಲ?”

“ತೊಳದೇನಿ ತಂಗಿ. ಗಂಟಲ ಸ್ವಚ್ಛ ಆಗೇತಿ!” ಎಂದು ನಕ್ಕ. ನಾನೂ ನಕ್ಕೆ.

ಹೋದ ವರ್ಷ ನಿಮ್ಮಲ್ಲಿ ದೊಡ್ಡವಳು ಅದರ ಮಾಡೆಲ್ ಯಾವುದೆಂದು ತಿಳಿಯಲೇಬೇಕೆಂದು ಹಟ ಹಿಡಿದು ನನ್ನನ್ನು ವಿಜಯಪುರಕ್ಕೆ ಕರೆದೊಯ್ದಳು. ಹಳೆಯ ಗಡಿಯಾರ ಬಲ್ಲ ಅಂಗಡಿಯವನೊಬ್ಬ ಮುಚ್ಚಳ ತೆಗೆದು, ಅದರ ನಂಬರನ್ನೂ ಒಳಗಿನ ಮಶಿನ್ನನ್ನೂ ಹೋಲಿಸಿ ನೋಡಿದ. “ಅಂಗಿ ಒಬ್ಬರದು, ಮೈ ಇನ್ನೊಬ್ಬರದು ಐತ್ರಿ ಅಮ್ಮಾರ. ಮ್ಯಾಲಿನ ಕೇಸು ಹಳೇ ಛಲೋ ಮಾಡೆಲ್. ಒಳಗಿಂದು ಹಲ್ಕಾ ಮಾಲು. ಯಾರೋ ಬದಲ ಮಾಡ್ಯಾರ.”

ಮುಚ್ಚಳದೊಳಗೆ ಐದು ಗೆರೆಗಳಿದ್ದವು. ಐದೂ ಗಡಿಯಾರದಣ್ಣನವೇ. ಬೇರೆ ಯಾರ ಕೈಗೂ ನಾನದನ್ನು ಕೊಟ್ಟವಳಲ್ಲ. ಅಪ್ಪನ ಮಣಿಕಟ್ಟಿನ ಮೇಲೆ ಬಡಿದ ಆ ಮಶಿನ್ ಈಗ ಯಾರ ಹತ್ತಿರ ಇದೆಯೋ. ಅವನ ಗಂಟಲಿನ ಮಾತಿಗೆ ನಾನೂ ನಕ್ಕಿದ್ದೆನಲ್ಲ, ಅದೇ ದಾರಿಯುದ್ದಕ್ಕೂ ಉರಿಯಿತು.

ಅವನ ಮನೆಗೆ ಹೋದೆ. ಅಷ್ಟೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು. ಕಳ್ಳ ಎನ್ನಲು ನನಗೆ ಬಾಯಿ ಬರಲಿಲ್ಲ. ಗಡಿಯಾರವನ್ನು ಅವನ ಅಂಗೈಯಲ್ಲಿಟ್ಟು, “ಯಾರದು ಹೇಳಣ್ಣಾ” ಎಂದೆ. ಕಿವಿಗೆ ಹಿಡಿದ. ಬಹಳ ಹೊತ್ತು ಹಿಡಿದ. ಆಮೇಲೆ ನನ್ನತ್ತ ಚಾಚಿದ.

“ಕಿವಿ ಮಂದ ಆಗ್ಯಾವ ತಂಗಿ. ಸಣ್ಣ ಸಪ್ಪಳ ಕೇಳಸೂದಿಲ್ಲ.”

ಗಡಿಯಾರವನ್ನು ಸೆರಗಿಗೆ ಕಟ್ಟಿಕೊಂಡು, ಬರಿಗಾಲಲ್ಲಿ ಸಪ್ಪಳ ಮಾಡದೆ ಎದ್ದೆ. ಇನ್ನೂ ಹೊಸ್ತಿಲು ದಾಟಿರಲಿಲ್ಲ.

“ಹೊಂಟ್ಯಾ ತಂಗಿ?” ಎಂದ.

ನಾನು ಹೊಸ್ತಿಲು ದಾಟಿ ನಡೆದೆ. ಈ ಶ್ರಾವಣದಲ್ಲಿ ಅವನು ತೀರಿಕೊಂಡ, ಅವನ ಮಣ್ಣಿಗೂ ನಾನು ಹೋಗಲಿಲ್ಲ. ಆದರೆ ನೀವು “ಎಷ್ಟಾತು ಆಯಿ?” ಎಂದು ಕೇಳಿದಾಗಲೆಲ್ಲ, ನಾನು ಈಗಲೂ ಮೊದಲು ಗಿಡ್ಡ ಮುಳ್ಳನ್ನೇ ನೋಡುತ್ತೇನೆ.