ಬೀಗದಕ್ಕ ಮತ್ತು ಕೂಗದೆ ಹೋದ ಯಂತ್ರ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಕರ್ನಲ್ ಎಂಬ ಪ್ರೋಗ್ರಾಮಿಗೆ ಬೀಗ ಬರೆಯುವುದು ಅವಳ ಕಸುಬು. ಮೆಮೊರಿಯ ಒಂದೇ ತುಣುಕಿಗೆ ಎರಡು ಕೆಲಸಗಳು ಒಟ್ಟಿಗೆ ಕೈಹಾಕದಂತೆ ಕಾಯುವ ಬೀಗ. ಇದನ್ನು ಅರ್ಧಂಬರ್ಧ ಕೇಳಿಸಿಕೊಂಡ ಎದುರುಮನೆಯ ಅಜ್ಜಿ ಒಮ್ಮೆ ತುಕ್ಕು ಹಿಡಿದ ಪೆಟ್ಟಿಗೆಯನ್ನೇ ಹೊತ್ತು ತಂದು, "ಕೀಲಿಕೈ ಕಳೆದುಹೋಗಿದೆ, ಸ್ವಲ್ಪ ತೆಗೆದುಕೊಡಮ್ಮ" ಅಂದಿದ್ದಳು.

ಆ ವರ್ಷ ಅವಳ ಕಂಪನಿ ಹಸುಗೂಸುಗಳ ಉಸಿರನ್ನು ಗಮನಿಸುವ ಯಂತ್ರ ಮಾಡಿತ್ತು. ಆಸ್ಪತ್ರೆಯ ಖಾಲಿ ಕೋಣೆಯಲ್ಲಿ, ಉಸಿರಾಡುವ ಗೊಂಬೆಗೆ ಅದನ್ನು ಜೋಡಿಸಿ ಪರೀಕ್ಷೆ ನಡೆಸುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ನಿಂತೇಹೋಯಿತು. ಗೊಂಬೆಯ ಉಸಿರು ನಿಲ್ಲಿಸಿದರೂ ಯಂತ್ರ ಕಿಮಕ್ ಎನ್ನಲಿಲ್ಲ.

ಹಿರಿಯ ನರ್ಸ್ ಖಡಾಖಂಡಿತವಾಗಿ ಹೇಳಿದರು: "ಬಾಯಿ ಬಿಡದ ಕಾವಲು ನನಗೆ ಬೇಡ. ತಗೊಂಡು ಹೋಗಿ."

ಮ್ಯಾನೇಜರ್ ವೈರಿನ ಮೇಲೆ ತಪ್ಪು ಹೊರಿಸಿದರು. ಬೀಗದಕ್ಕನಿಗೆ ಸಮಾಧಾನವಾಗಲಿಲ್ಲ. ಯಂತ್ರ ನಿಂತ ಗಳಿಗೆಯಲ್ಲಿ ಒಳಗೆ ಏನು ನಡೆಯುತ್ತಿತ್ತೆಂದು ಕೆದಕುತ್ತಾ ಹೋದಳು. ಕೊನೆಗೆ ಸಿಕ್ಕಿತು! ಸಾಮಾನ್ಯ ಕೆಲಸವೊಂದು ಮೆಮೊರಿಯ ಬೀಗ ಹಿಡಿದಿದ್ದಾಗಲೇ ಸೆನ್ಸರಿನಿಂದ ಇಂಟರಪ್ಟ್ ಎಂಬ ತುರ್ತು ಕರೆ ಬಂದಿತ್ತು. ಅದು ಬಂದರೆ ಪ್ರೊಸೆಸರ್ ಕೈಲಿದ್ದುದನ್ನು ಅಲ್ಲೇ ಬಿಟ್ಟು ಆ ತುರ್ತು ಕೆಲಸವನ್ನೇ ಮೊದಲು ಮುಗಿಸಬೇಕು. ಆದರೆ ತುರ್ತು ಕೆಲಸಕ್ಕೂ ಅದೇ ಬೀಗ ಬೇಕಾಗಿತ್ತು. ಬೀಗ ಸಿಗದೆ ತುರ್ತು ಕೆಲಸ ಮುಗಿಯದು, ಅದು ಮುಗಿಯದೆ ಮೊದಲ ಕೆಲಸ ಮುಂದುವರಿದು ಬೀಗ ಬಿಡದು.

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹಾಗಾಗಿದೆ ಸಾರ್" ಅಂದಳು ಮ್ಯಾನೇಜರಿಗೆ. "ಬೀಗ ಹಿಡಿದಿರೋಷ್ಟು ಹೊತ್ತು ಆ ಪ್ರೊಸೆಸರಿಗೆ ತುರ್ತು ಕರೆ ಮುಟ್ಟದ ಹಾಗೆ ತಡೀತೀನಿ. ಬೀಗ ಬಿಟ್ಟ ಕೂಡಲೇ ಎಲ್ಲಾ ಮೊದಲಿನ ಹಾಗೆ."

ಮ್ಯಾನೇಜರ್ ಗಾಬರಿಯಾದರು. "ಮಗು ಉಸಿರಿನ ಕರೆಯನ್ನೇ ತಡೆಯೋದಾ?"

"ಕಳೆದುಹೋಗಲ್ಲ ಸಾರ್, ಕಾದು ನಿಂತಿರುತ್ತೆ. ಕಾಯಿಸೋದು ಮಾತ್ರ ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಇರಬೇಕು."

ಮೊದಲ ಪ್ರಯತ್ನದಲ್ಲಿ ಯಂತ್ರ ನಿಲ್ಲಲಿಲ್ಲ ನಿಜ, ಆದರೆ ಅಲಾರಂ ತಡವಾಯಿತು. ಹಳೆಯ ಮೆಮೊರಿಯನ್ನು ಅಳಿಸಿ ಚೊಕ್ಕಟ ಮಾಡುವ ಉದ್ದನೆಯ ಕೆಲಸವೂ ಬೀಗ ಹಿಡಿದುಕೊಂಡೇ ನಡೆಯುತ್ತಿದ್ದರಿಂದ ತುರ್ತು ಕರೆ ಅಷ್ಟು ಹೊತ್ತೂ ಕಾಯಬೇಕಾಗಿತ್ತು. ಆ ಕೆಲಸ ಬೀಗ ಬಿಟ್ಟ ಮೇಲೆ ನಡೆಯುವಂತೆ ಮಾಡಿದಳು. ಪ್ರೋಗ್ರಾಮಿನಲ್ಲಿ ಆ ಬೀಗ ಬಳಸುವ ಜಾಗಗಳನ್ನೆಲ್ಲ ಒಂದೊಂದಾಗಿ ಹುಡುಕಿ ಸರಿಪಡಿಸಿದಳು.

ಮತ್ತೆ ಆಸ್ಪತ್ರೆಗೆ ಹೋದರು. ಬೀಗದಕ್ಕ ಯಂತ್ರಕ್ಕೆ ಉಸಿರು ಕಟ್ಟುವಷ್ಟು ಕೆಲಸ ಹೇರಿದಳು; ಹಿರಿಯ ನರ್ಸ್ ಬೇಕೆಂದೇ ಹೊತ್ತಲ್ಲದ ಹೊತ್ತಿನಲ್ಲಿ ಗೊಂಬೆಯ ಉಸಿರು ನಿಲ್ಲಿಸುತ್ತಾ ಹೋದರು. ಪ್ರತಿ ಸಲವೂ ಯಂತ್ರ ಕಿವಿ ತೂತಾಗುವಂತೆ ಕಿರುಚಿಕೊಂಡಿತು. ಕೊನೆಗೆ ಪಕ್ಕದ ಕೋಣೆಯ ಕೂಸುಗಳೂ ಎದ್ದು ಅಳತೊಡಗಿದವು.

"ಸಾಕು, ನಿಲ್ಲಿಸಮ್ಮ!" ನರ್ಸ್ ನಕ್ಕುಬಿಟ್ಟರು. "ಇದು ಇಲ್ಲೇ ಇರಲಿ."

ಬೀಗದಕ್ಕ ಗೋಡೆಗೊರಗಿ ಉಸ್ಸಪ್ಪಾ ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಎಂಥಾ ನಿದ್ದೆ ಹತ್ತಿತೆಂದರೆ, ಇಳಿಯುವ ಸ್ಟಾಪು ದಾಟಿ ಕೊನೆಯವರೆಗೂ ಹೋಗಿಬಿಟ್ಟಳು. ಗಂಡ ಫೋನ್ ಮಾಡಿ "ಎಲ್ಲಿದ್ದೀಯೇ?" ಎಂದಾಗ, "ಗೊತ್ತಿಲ್ಲ ಕಣ್ರೀ, ಆದರೆ ಆರಾಮಾಗಿದ್ದೀನಿ" ಅಂದಳು.